ಪೆಟ್ಟಿಗೆಯ ಮೇಲಿನ ಹೆಸರು

ಗುನ್ಹಿಲ್ಡಜ್ಜಿಯ ಬದುಕನ್ನು ಬರೆಯಲು ಕೂತರೆ ನನಗೆ ಮೊದಲು ಸಿಟ್ಟು ಬರುತ್ತದೆ. ಆಮೇಲೆ ಅವಳ ಮುಖ ನೆನಪಾಗುತ್ತದೆ.

ನಾರ್ವೆಯ ಈ ಪಡುವಣ ದಂಡೆಯಲ್ಲಿ ಕುಲದ ಹೆಸರು ಅಪ್ಪನಿಂದ ಬರುತ್ತಿರಲಿಲ್ಲ, ನೆಲದಿಂದ ಬರುತ್ತಿತ್ತು. ಯಾವ ಹೊಲಮನೆಯಲ್ಲಿ ಬಾಳುತ್ತೀಯೋ ಅದರ ಹೆಸರೇ ನಿನ್ನದು. ಅದನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ ಆ ಹೊಸ ಹೊಲಮನೆಯ ಹೆಸರು ನಿನ್ನದು. ಗುನ್ಹಿಲ್ಡಜ್ಜಿ ಮತ್ತು ಅವಳ ಗಂಡ ಸ್ಯೂರ್ ನಲವತ್ತೊಂದು ವರ್ಷ ಹೆಲ್ಲೆಲಿ ಹೊಲಮನೆಯ ಒಕ್ಕಲಾಳುಗಳಾಗಿ ದುಡಿದರು. ಬಡಗಣ ಹೊಲದ ಕಲ್ಲನ್ನೆಲ್ಲ ಅವರೇ ಕಿತ್ತು ಬೇಲಿಗೆ ಹೊತ್ತರು. ಮೂರು ಮಕ್ಕಳನ್ನು ಮಣ್ಣು ಮಾಡಿದರು. ಇಗರ್ಜಿಗೆ ಬಂದವರೆಲ್ಲ ಅವನನ್ನು ಸ್ಯೂರ್ ಹೆಲ್ಲೆಲಿ ಎಂದೇ ಕರೆಯುತ್ತಿದ್ದರು. ಇನ್ನೇನೆಂದು ಕರೆಯಬೇಕಿತ್ತು?

ಪ್ರತಿಯೊಬ್ಬರೂ ಒಂದು ಖಾಯಂ ಕುಲನಾಮ ಬರೆಸಬೇಕೆಂಬ ಕಾನೂನು ಬಂತು. ಅದೇ ಚಳಿಗಾಲ ಸ್ಯೂರ್ ತೀರಿಕೊಂಡ. ಅವನ ಗೋರಿಯ ಕಬ್ಬಿಣದ ಶಿಲುಬೆಯ ಮೇಲೆ ಹೆಲ್ಲೆಲಿ ಎಂದು ಬರೆಯಬೇಕಾದರೆ ಹೊಲಮನೆಯ ಒಡೆಯನ ರುಜು ತರಬೇಕೆಂದು ಅಧಿಕಾರಿ ಹೇಳಿದ. ನಾನು ಊರಿನ ಶಾಲೆ ಮೇಷ್ಟ್ರು, ಅರ್ಜಿ ಬರೆದವನು ನಾನೇ. ಹಾಗಾಗಿ ಅಜ್ಜಿಯ ಜೊತೆ ಒಡೆಯ ಅಸ್ಲಾಕನ ಮನೆಗೂ ಹೋದೆ.

ಅಸ್ಲಾಕ್ ಕಾಗದವನ್ನು ಓದಲೂ ಇಲ್ಲ.

"ಈ ಹೆಸರು ಹೊತ್ತೋರು ಯಾರ್ಯಾರು ಗೊತ್ತಾ ನಿಂಗೆ?" ಎಂದು ಗೋಡೆಯ ಚಿತ್ರಗಳತ್ತ ಕೈ ಮಾಡಿದ. "ಒಬ್ರು ಪಾರ್ಲಿಮೆಂಟಿಗೆ ಹೋಗಿದ್ರು. ಇನ್ನೊಬ್ರು ಹಡಗಿನ ಕಪ್ತಾನ್ರು. ಅವರ ಪಕ್ಕ ಒಬ್ಬ ಒಕ್ಕಲಾಳನ್ನ ಕೂರಿಸ್ಲಾ?"

ಎಂಥ ನಾಚಿಕೆಗೆಟ್ಟ ಮಾತು! ಆ ಪಾರ್ಲಿಮೆಂಟಿನವರು ಅವನ ಹೆಂಡತಿಯ ತಾತ, ಕಪ್ತಾನರು ಅವಳ ದೊಡ್ಡಪ್ಪ. ಇವನ ಮೈಯಲ್ಲಿ ಅವರ ರಕ್ತದ ಒಂದು ಹನಿಯೂ ಇಲ್ಲ. ಇವನು ಮನೆಅಳಿಯ. ಆಚೆ ದಂಡೆಯ ಸ್ಕಾರೆ ಎಂಬ ಬಡ ಹೊಲಮನೆಯಿಂದ ಒಂದೇ ದೋಣಿಯಲ್ಲಿ, ಒಂದೇ ಪೆಟ್ಟಿಗೆಯೊಂದಿಗೆ ಬಂದವನು.

ಆ ಪೆಟ್ಟಿಗೆ ಅದೇ ಕೋಣೆಯಲ್ಲಿತ್ತು. ಸುತ್ತ ಹೂಬಳ್ಳಿ, ನಡುವೆ ದಪ್ಪ ಅಕ್ಷರದಲ್ಲಿ ಅಸ್ಲಾಕ್ ಹೆಲ್ಲೆಲಿ.

"ಆ ಅಕ್ಷರ ಯಾರು ಬರೆದಿದ್ದು ಒಡೆಯರೇ?" ಅಜ್ಜಿ ಕೇಳಿದಳು. "ನಿಮ್ಮ ಮದುವೆ ವಾರ ಕೊಟ್ಟಿಗೆಗೆ ಬಂದು, 'ಸ್ಯೂರ್, ನನ್ನ ಹಳೇ ಹೆಸರು ಮುಚ್ಚಿಬಿಡೋ, ಜನ ನಗ್ತಾರೆ' ಅಂದ್ರಲ್ಲ. ನಿಮಗೆ ಈ ಹೆಸರು ಬರೆದುಕೊಟ್ಟೋನೇ ನನ್ನ ಗಂಡ. ಅವನಿಗೇ ಇಲ್ವಾ?"

"ಮುದುಕಿಗೆ ಅರಳುಮರಳು."

"ಮೇಷ್ಟ್ರೇ, ಪೆಟ್ಟಿಗೆ ದೋಣಿಯಿಂದ ಇಳಿದಾಗ ನೀವೂ ಇದ್ರಿ. ಹೇಳಿ."

ನಾನು ಇದ್ದೆ, ಸ್ಕಾರೆ ಎಂಬ ಹೆಸರನ್ನು ಕಣ್ಣಾರೆ ಓದಿದ್ದೆ. ಆದರೆ ಶಾಲೆಯ ಒಲೆಗೆ ಸೌದೆ ಹೆಲ್ಲೆಲಿಯಿಂದ ಬರುತ್ತಿತ್ತು. ಟೋಪಿಯ ಅಂಚು ತಿರುವುತ್ತಾ ಸುಮ್ಮನೆ ನಿಂತೆ. ಥೂ ನನ್ನ ಜನ್ಮಕ್ಕೆ.

ಅಜ್ಜಿ ನನ್ನನ್ನು ಬೈಯಲಿಲ್ಲ. ಪೆಟ್ಟಿಗೆಯ ಮುಂದೆ ಮಂಡಿಯೂರಿ, ಸೊಂಟದ ಮೀನುಚೂರಿ ತೆಗೆದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಎಡಗೈ ಬೆರಳಿನಿಂದ ಅಕ್ಷರ ತಡವುತ್ತಾ ಕೊನೆಯ ಪದವನ್ನು ಕೆರೆಯತೊಡಗಿದಳು.

"ಏಯ್! ಗುಡಿಸಲಿಂದ ಆಚೆ ಹಾಕ್ತೀನಿ ನೋಡು!" ಅಸ್ಲಾಕ್ ಕೂಗಿದ.

"ಹಾಕಕ್ಕಾಗಲ್ಲ. ಗುಡಿಸಲು ಗಂಡಹೆಂಡ್ತಿ ಇಬ್ಬರ ಜೀವಮಾನಕ್ಕೆ ಅಂತ ನಿಮ್ಮ ಮಾವನೇ ಬರ್ಕೊಟ್ಟಿದ್ದಾರೆ. ನಾನಿನ್ನೂ ಸತ್ತಿಲ್ಲ."

ಸ್ಯೂರ್ ಹಳೆಯ ಹೆಸರನ್ನು ಕೆರೆದಿರಲಿಲ್ಲ, ಮೇಲೆ ಬಣ್ಣ ಬಳಿದಿದ್ದ ಅಷ್ಟೆ. ಮೇಲಿನ ನೀಲಿ ಬಣ್ಣ ಉದುರಿದಂತೆ ಒಳಗಿನ ಕೆಂಪು ಅಕ್ಷರ ಕಾಣಿಸಿತು. ಅಡುಗೆಮನೆಯಿಂದ ಬಂದು ನಿಂತಿದ್ದ ಅಸ್ಲಾಕನ ಮಗಳು ಬಗ್ಗಿ ಓದಿದಳು.

"ಅಪ್ಪಾ, ಸ್ಕಾರೆ ಅಂದ್ರೆ ಯಾರು?"

ಅಜ್ಜಿ ಚೂರಿ ಒರೆಸಿಕೊಂಡು ಎದ್ದು ಹೊರಟಳು.

ವಾರ ಕಳೆದ ಮೇಲೆ ಅವನು ಶಾಲೆಗೆ ಬಂದ. ಮಗಳ ಮದುವೆ ಹತ್ತಿರ ಬಂದಿತ್ತು, ಬೀಗರ ಎದುರು ಆ ಪೆಟ್ಟಿಗೆ ಇಡಬೇಕಿತ್ತು. ಇಡೀ ಊರಿನಲ್ಲಿ ದುಂಡಗೆ ಅಕ್ಷರ ಬರೆಯುವವರೆಂದರೆ ಸ್ಯೂರ್ ಮತ್ತು ನಾನು. ಸ್ಯೂರ್ ಮಣ್ಣಿನಲ್ಲಿದ್ದ.

"ಮೊದಲು ಅಜ್ಜಿ ಕಾಗದಕ್ಕೆ ರುಜು ಹಾಕಿ," ಎಂದೆ.

"ಶಾಲೆಗೆ ಸೌದೆ ಎಲ್ಲಿಂದ ಬರುತ್ತೆ ಮೇಷ್ಟ್ರೇ?"

"ಕಾಡಿಂದ, ಒಡೆಯರೇ."

ಅವನು ಮುಖ ಸಿಂಡರಿಸಿಕೊಂಡು ರುಜು ಹಾಕಿದ. "ಏನೋ ಪಾಪ ಅಂತ ದಯೆ ತೋರಿಸ್ತಿದೀನಿ," ಎಂದ. ದಯೆಯಂತೆ! ಆ ದಿನ ಅವನ ಮನೆಗೆ ಹೋಗಿ, ಪೆಟ್ಟಿಗೆಯ ಮೇಲೆ ಮಾಸಿದ್ದ ಅಸ್ಲಾಕ್ ಎಂಬುದನ್ನಷ್ಟೇ ತಿದ್ದಿದೆ. ಹೆಲ್ಲೆಲಿ ಎಂದು ಬರೆಯುವುದು ಶಿಲುಬೆ ನೆಟ್ಟ ಮೇಲೆ ಎಂದೆ.

ಶಿಲುಬೆ ನೆಟ್ಟದ್ದು ಒಂದು ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ. ಅಸ್ಲಾಕ್ ಮತ್ತು ಅವನ ಮನೆಯವರು ಗೋರಿಗಳ ನಡುವಿನ ಹಾದಿಯಲ್ಲಿ ತಲೆ ತಗ್ಗಿಸಿ ಗೇಟಿನತ್ತ ನಡೆಯುತ್ತಿದ್ದರು. ಅಜ್ಜಿ ತಣ್ಣನೆಯ ಕಬ್ಬಿಣದ ಮೇಲೆ ಒಂದೊಂದೇ ಅಕ್ಷರ ತಡವಿದಳು.

"ಓದಿ ಮೇಷ್ಟ್ರೇ."

"ಸ್ಯೂರ್ ಹೆಲ್ಲೆಲಿ," ಎಂದು ಓದಿದೆ.

"ಇನ್ನೂ ಜೋರಾಗಿ," ಎಂದಳು ಅಜ್ಜಿ. "ಅವರಿನ್ನೂ ಗೇಟು ದಾಟಿಲ್ಲ."