ಮುಳ್ಳು ನೆಟ್ಟಗೆ ನಿಲ್ಲಿಸಿದ ಕಾಕಾ

ಅವರ ಬಲಗೈ ಹೆಬ್ಬೆರಳಿನ ಉಗುರೊಂದೇ ಉದ್ದವಾಗಿತ್ತು. ಉಳಿದ ಒಂಬತ್ತನ್ನೂ ಚರ್ಮಕ್ಕೆ ಹತ್ತಿಸಿ ಕತ್ತರಿಸುತ್ತಿದ್ದರು. ಇದನ್ನು ಮಾತ್ರ ಬೆಳೆಸಿ, ತುದಿಯನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡಿಟ್ಟುಕೊಂಡಿದ್ದರು. ಸ್ಪೀಡೋಮೀಟರಿನ ಮುಳ್ಳನ್ನು ಎತ್ತಬೇಕಾದಾಗ ಬೇರೆ ರಿಪೇರಿಯವರು ಇಕ್ಕಳ, ಚಮಚದ ತುದಿ ಎಂದು ಏನೇನೋ ಹುಡುಕುತ್ತಾರೆ. ಇವರು ಆ ಉಗುರನ್ನು ಮುಳ್ಳಿನ ಕೆಳಗೆ ತೂರಿಸಿ, ಉಸಿರು ಬಿಗಿಹಿಡಿದು, ಮಲ್ಲಿಗೆ ಮೊಗ್ಗು ಬಿಡಿಸಿದ ಹಾಗೆ ಎತ್ತಿಬಿಡುತ್ತಿದ್ದರು. ಮುಳ್ಳು ಬಾಗಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ನಿಪ್ಪಾಣಿಯಲ್ಲಿ ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಅವರ ಅಂಗಡಿ. ಲಾರಿ, ಟ್ರ್ಯಾಕ್ಟರ್, ಮೋಟರ್ ಸೈಕಲ್, ಯಾವುದರ ಮೀಟರ್ ನಿಂತರೂ ಅಲ್ಲಿಗೇ ಬರುತ್ತಿತ್ತು. ಎಲ್ಲರಿಗೂ ಅವರು ಮೀಟರ್ ಕಾಕಾ. ಎಡಗಿವಿಯ ಮೇಲೆ ಸದಾ ಒಂದು ಮೋಟು ಪೆನ್ಸಿಲ್ಲು. ತಂಬಾಕಿನ ಊರಲ್ಲಿ ಹುಟ್ಟಿ ಬೆಳೆದರೂ ಬೀಡಿ ಮುಟ್ಟಿದವರಲ್ಲ. ಯಾರಾದರೂ ಕೇಳಿದರೆ, "ಊರ ಮಂದಿ ಎಲ್ಲಾ ಸೇದತಾರ, ನಾ ಒಬ್ಬಾವ ಬಿಟ್ರ ವ್ಯಾಪಾರ ಏನ್ ಬಂದ್ ಆಗೂದಿಲ್ಲ ಬಿಡ್ರಿ" ಎನ್ನುತ್ತಿದ್ದರು.

ನಾನು ಅವರ ಬಳಿ ಹೋದದ್ದು ಊರಗಾಡಿಯ ಕೆಲಸಕ್ಕೆ. ನನ್ನ ತವರು ಐನಾಪುರದಾಚೆಯ ಒಂದು ಸಣ್ಣ ಹಳ್ಳಿ. ಬಸ್ಸು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ನಡುವೆ ಯಾರಿಗಾದರೂ ಎದೆ ನೋವು ಬಂದರೆ, ಬಸುರಿಗೆ ಬೇನೆ ಕಾಣಿಸಿಕೊಂಡರೆ, ಯಾರದಾದರೂ ಟ್ರ್ಯಾಕ್ಟರಿಗೆ ಕಾಯಬೇಕು. ಅದಕ್ಕೆ ಊರವರೇ ಕೂಡಿ ಒಂದು ಗಾಡಿ ಕಟ್ಟಲು ನಿಂತರು. ದ್ರಾಕ್ಷಿ ತೋಟದ ಸಾವ್ಕಾರರೊಬ್ಬರ ಕೊಟ್ಟಿಗೆಯಲ್ಲಿ ಕಾಗದಪತ್ರ ಸಮೇತ ಕೂತಿದ್ದ ಹಳೆಯ ಡೀಸೆಲ್ ಜೀಪು, ಕಬ್ಬಿನ ಟ್ರೇಲರ್ ಮಾಡುವ ವೆಲ್ಡರನ ಕೈಯ ಬಾಡಿ, ಅಥಣಿಯಿಂದ ತಂದ ಸೀಟು. ಹಿಂದೆ ಒಬ್ಬರು ಮಲಗುವಷ್ಟು ಜಾಗ. ಡ್ರೈವರ್ ಎಂದು ಯಾರನ್ನೂ ಇಡುವುದಿಲ್ಲ, ಲೈಸೆನ್ಸ್ ಇದ್ದವರು ಪಾಳಿಯ ಮೇಲೆ ಓಡಿಸಬೇಕು ಎಂಬುದು ಊರಿನ ಠರಾವು. ಕಬ್ಬಿನವರು, ಕುರಿಯವರು, ಗಂಡಸರು, ಹೆಂಗಸರು, ಒಟ್ಟು ಹದಿಮೂರು ಮಂದಿ ಪಾಳಿಗೆ ಹೆಸರು ಕೊಟ್ಟರು.

ಜೀಪಿನ ಹಳೆಯ ಮೀಟರುಗಳನ್ನು ಇಲಿಗಳು ತಿಂದು ಹಾಕಿದ್ದವು. ಚಿಕ್ಕೋಡಿಯಲ್ಲಿ ನನ್ನದೊಂದು ಲಗ್ನಪತ್ರಿಕೆ, ಫ್ಲೆಕ್ಸ್ ಮುದ್ರಿಸುವ ಅಂಗಡಿ ಇದೆ. "ನೀ ಕಂಪ್ಯೂಟರಿನ್ಯಾಗ ಇಷ್ಟೆಲ್ಲಾ ಬಿಡಸ್ತಿ, ಗಾಡಿ ಮಾರಿಗೆ ನಾಕ್ ಮೀಟರ್ ಬಿಡಸಾಕ ಆಗೂದಿಲ್ಲೇನ?" ಎಂದು ಊರವರು ಕೆಲಸ ಒಪ್ಪಿಸಿದರು. ಒಳಗಿನ ಯಂತ್ರವನ್ನು ಮೀಟರ್ ಕಾಕಾ ಕೊಡುತ್ತಾರೆ, ಮೇಲಿನ ಮುಖ ನನ್ನದು.

ಮೊದಲ ದಿನ ನಾನು ಒಯ್ದ ಚಿತ್ರದ ಮೇಲೆ ನನಗೆ ಬಹಳ ಪ್ರೀತಿ ಇತ್ತು. ಕಪ್ಪು ಹಿನ್ನೆಲೆ, ಬಂಗಾರದ ಬಳ್ಳಿ, ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರ. ಕಾಕಾ ಅದನ್ನು ಒಂದು ನಿಮಿಷ ನೋಡಿ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ನನ್ನನ್ನು ಎದುರಿಗೆ ಸ್ಟೂಲಿನ ಮೇಲೆ ಕೂರಿಸಿ, ಸ್ಟೇರಿಂಗ್ ಬದಲು ಒಂದು ಊಟದ ತಾಟು ಕೈಗೆ ಕೊಟ್ಟರು. ಆಮೇಲೆ ಹಿಂದೆ ನಿಂತು ಸ್ಟೂಲನ್ನು ಗಡಗಡ ಅಲ್ಲಾಡಿಸತೊಡಗಿದರು.

"ರಸ್ತಾ ನೋಡು! ಎದುರಿಗೆ ಎಮ್ಮಿ ಬಂತು! ಈಗ ಹೇಳು, ಎಂಜಿನ್ ಕಾವು ಎಷ್ಟೈತಿ?"

ಬಳ್ಳಿ ಬಿಟ್ಟು ನನಗೆ ಏನೂ ಕಾಣಲಿಲ್ಲ. ಅಂಗಡಿಯಲ್ಲಿ ಕೂತಿದ್ದ ಲಾರಿಯವರೆಲ್ಲ ನಕ್ಕರು. ನನಗೆ ಸಿಟ್ಟೂ ಬಂತು, ನಗುವೂ ಬಂತು.

"ತಂಗಿ, ಇದು ಲಗ್ನಪತ್ರಿಕಿ ಅಲ್ಲ, ಕೂತು ಓದಾಕ" ಎಂದರು ಕಾಕಾ. "ಒಂದ್ ಸಲ ಕಣ್ಣು ಹಾಯ್ಸಿದ್ರ ತಿಳೀಬೇಕು. ನಮ್ಮ ಅಪ್ಪ ತಂಬಾಕಿನ ವಖಾರದಾಗ ತೂಕ ಮಾಡಾವ. ತಕ್ಕಡಿ ಮುಳ್ಳು ನೆಟ್ಟಗ ನಿಂತ್ರ ಓದಾಕ ಬರದವಗೂ ತಿಳೀತಿತ್ತು. ಹಂಗ ಮಾಡೂಣು."

ಅವರು ಹೇಳಿದ್ದು ಇಷ್ಟು: ಎಲ್ಲ ಸರಿ ಇದ್ದಾಗ ಪ್ರತಿ ಮೀಟರಿನ ಮುಳ್ಳೂ ನೆಟ್ಟಗೆ ಮೇಲಕ್ಕೆ ನೋಡುವ ಹಾಗೆ ಮುಖವನ್ನು ತಿರುಗಿಸಿ ಬರೆಯಬೇಕು. ಎಂಜಿನ್ನಿನ ಕಾವು, ಆಯಿಲ್ ಒತ್ತಡ, ಬ್ಯಾಟರಿ ಮೂರೂ ಹಾಗೆಯೇ. ಕಬ್ಬಿನ ಹೊಲದ ದಾರಿಗೆ ನಲವತ್ತರ ವೇಗ ಸಾಕು, ಆದ್ದರಿಂದ ಸ್ಪೀಡೋಮೀಟರಿನಲ್ಲಿ ನಲವತ್ತು ನೆತ್ತಿಯ ಮೇಲೆ. ಓಡಿಸುವವರು ಅಂಕಿ ಓದಬೇಕಿಲ್ಲ. ಯಾವುದಾದರೂ ಒಂದು ಮುಳ್ಳು ವಾಲಿದ್ದು ಕಂಡರೆ ಅತ್ತ ನೋಡಿದರಾಯಿತು. ವರ್ಷಗಟ್ಟಲೆ ಅಕ್ಷರ, ಬಣ್ಣಗಳ ನಡುವೆಯೇ ಬದುಕಿದ ನನಗೆ ಇಷ್ಟು ಸರಳವಾದದ್ದು ಹೊಳೆದಿರಲಿಲ್ಲ. ಬಳ್ಳಿಯನ್ನು ಅಳಿಸಿದೆ. ಬಿಳಿ ಮುಖ, ಕಪ್ಪು ಮುಳ್ಳು, ದೊಡ್ಡ ಕನ್ನಡ ಅಕ್ಷರ.

ಆ ದಿನಗಳಲ್ಲೇ ಅವರ ಇನ್ನೊಂದು ಪದ್ಧತಿ ಗಮನಕ್ಕೆ ಬಂತು. ಮೀಟರ್ ಮುಚ್ಚುವ ಮುನ್ನ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಮುಖದ ಬೆನ್ನಿಗೆ ಎರಡು ಸಾಲು ಬರೆಯುತ್ತಿದ್ದರು: ಏನು ಕೆಟ್ಟಿತ್ತು, ಏನು ಮಾಡಿದೆ. ಮರಾಠಿ ಶಾಲೆಯಲ್ಲಿ ಕಲಿತವರಾದ್ದರಿಂದ ಬರೆಯುವುದು ಮರಾಠಿಯಲ್ಲಿ. ತಮ್ಮ ಕೈಯಿಂದಲೇ ಕೆಟ್ಟಿದ್ದರೆ ಅದನ್ನೂ ಬರೆಯುತ್ತಿದ್ದರು. "ಒಳಗ ಯಾರು ನೋಡತಾರ ಕಾಕಾ?" ಎಂದೆ. "ಮುಂದ ಬಿಚ್ಚಾವ ನೋಡತಾನ. ಅಂವಗ ಸುಳ್ಳು ಹೇಳಬಾರ್ದು" ಎಂದರು. ಒಮ್ಮೆ ಹಳೆಯ ಕಾರು ಮಾರುವವನೊಬ್ಬ ಬಂದು ಓಡಿದ ಕಿಲೋಮೀಟರು ಹಿಂದಕ್ಕೆ ತಿರುಗಿಸಿ ಕೊಡಿ ಎಂದು ಗಂಟೆಗಟ್ಟಲೆ ಕಾಡಿದ. ಕಾಕಾ ಅವನಿಗೆ ಚಹಾ ತರಿಸಿ ಕುಡಿಸಿದರು, ಮೀಟರ್ ಮಾತ್ರ ಮುಟ್ಟಲಿಲ್ಲ. "ಗಾಡಿ ನಡದದ್ದು ನಡದೈತ್ರಿ. ಚಹಾ ಕುಡೀರಿ, ಆರತೈತಿ" ಎಂದಷ್ಟೇ ಹೇಳಿ ಬೇರೆ ಕೆಲಸಕ್ಕೆ ಕೂತರು.

ಇಂಥವರಿಗೆ ನಾನು ಸುಳ್ಳು ಹೇಳಿದೆ. ಕಾವಿನ ಮೀಟರಿಗೆ ಗುರುತು ಹಾಕಲು, ಎಂಜಿನ್ನಿಗೆ ಕೂರಿಸುವ, ಕಾವು ಅಳೆಯುವ ಹಿತ್ತಾಳೆಯ ಕಡ್ಡಿಯನ್ನು ಕಾಯಿಸಿದ ನೀರಿನಲ್ಲಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಹತ್ತು ಹತ್ತು ಡಿಗ್ರಿಗೆ ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡಿ ಬರೆದುಕೊಳ್ಳಬೇಕು ಎಂದು ಅವರು ಹೇಳಿಕೊಟ್ಟಿದ್ದರು. ಲಗ್ನದ ಸೀಸನ್ನು, ಅಂಗಡಿಯಲ್ಲಿ ಜನ ಮೇಲೆ ಬೀಳುತ್ತಿದ್ದರು. ನಾನು ತಣ್ಣೀರಿನಲ್ಲಿ ಒಂದು, ಉಗುರುಬೆಚ್ಚಗಿನದಕ್ಕಿಂತ ತುಸು ಹೆಚ್ಚು ಕಾದ ನೀರಿನಲ್ಲಿ ಒಂದು, ಎರಡೇ ಗುರುತು ಮಾಡಿಕೊಂಡೆ. ಉಳಿದವನ್ನು ಕಂಪ್ಯೂಟರಿನಲ್ಲಿ ಸಮನಾಗಿ ಹಂಚಿದೆ. ನೋಡಲು ಎಷ್ಟು ಚೆಂದ ಬಂದಿತ್ತೆಂದರೆ ಸಮನಾಗಿರುವುದೇ ಸರಿ ಎಂದು ನನಗೇ ಅನ್ನಿಸಿತು.

"ಎಲ್ಲಾ ಗುರುತು ನೀರಾಗ ಇಟ್ಟಽ ಹಾಕಿದಿ ಹೌದಿಲ್ಲೊ?" ಎಂದು ಕಾಕಾ ಕೇಳಿದರು.

"ಹೌದ್ರಿ ಕಾಕಾ" ಎಂದೆ.

ಗಾಡಿ ಸಿದ್ಧವಾಗಿ, ಪರೀಕ್ಷೆಗೆಂದು ನಿಪ್ಪಾಣಿ ಬಳಿಯ ಘಾಟಿನ ಏರಿಗೆ ಒಯ್ದೆವು. ದ್ರಾಕ್ಷಿ ತೋಟದ ಸಾವ್ಕಾರರದೇ ಮೊದಲ ಪಾಳಿ. ಹಿಂದೆ ಊರಿನ ಏಳೆಂಟು ಜನ, ನಾನು, ಕಾಕಾ. ಏರು ಅರ್ಧ ಮುಗಿದಿತ್ತು. ಮುಳ್ಳುಗಳೆಲ್ಲ ಸಿಪಾಯಿಗಳಂತೆ ನೆಟ್ಟಗೆ ನಿಂತಿದ್ದವು. ಬಾನೆಟ್ಟಿನಿಂದ ಮಾತ್ರ ಬುಸ್ಸೆಂದು ಹಬೆ ಎದ್ದಿತು. ಕೆಳಗಿಳಿದು ನೋಡಿದರೆ ನೀರೆಲ್ಲ ಕುದಿದು ಚೆಲ್ಲಿ, ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಕಾವು ಹೆಚ್ಚಾದಂತೆ ಆ ಕಡ್ಡಿ ಮುಳ್ಳನ್ನು ಕಡಿಮೆ ಕಡಿಮೆ ಸರಿಸುತ್ತದೆ. ಮೇಲಿನ ಗುರುತುಗಳು ಹತ್ತಿರ ಹತ್ತಿರ ಬರಬೇಕಿತ್ತು. ನನ್ನ ಚೆಂದದ ಹಂಚಿಕೆಯಲ್ಲಿ ಕುದಿಯುವ ನೀರೂ ಸರಿಯಾದ ಕಾವು ಎಂದೇ ತೋರುತ್ತಿತ್ತು.

ಸಾವ್ಕಾರರು ಕೆಂಡವಾದರು. "ಮುಳ್ಳು ನಂಬಿ ಹೊಡದ್ನೆಲ್ಲ ನಾ! ಒಳಗ ಬಸುರಿ ಹೆಣ್ಣಮಗಳು ಇದ್ದಿದ್ರ ಏನ್ ಮಾಡಬೇಕಿತ್ರಿ? ಈ ಮೀಟರ್ ಕೆಡಿಸಿದಾವ್ರು ಯಾರು?"

ನಾನೇ ಎಂದು ಹೇಳಬೇಕು ಎಂದುಕೊಂಡೆ, ಹೇಳಲಿಲ್ಲ. ಕಾಕಾ ಬಾಗಿ ಕಾವಿನ ಮೀಟರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರಿಗೆ ತಿಳಿಯಿತು.

"ನಂದಽ ತಪ್ಪು ಸಾವ್ಕಾರ್ರ. ಮುಳ್ಳು ಕೂಡಸೂ ಮುಂದ ಕೈ ನಡಗಿತು" ಎಂದರು.

ಆ ಕೈ ನಡುಗುವುದೇ? ಗೊತ್ತಿದ್ದೂ ನಾನು ಆ ಮಾತನ್ನು ತಿದ್ದಲಿಲ್ಲ.

ಮರುದಿನ ಅಂಗಡಿಗೆ ಹೋದಾಗ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಚಹಾದ ಪಾತ್ರೆಯಲ್ಲಿ ನೀರು ಹಾಕಿ ಸ್ಟೌ ಮೇಲಿಟ್ಟು, ಕಡ್ಡಿ, ಥರ್ಮಾಮೀಟರ್ ಎರಡನ್ನೂ ಅದರಲ್ಲಿ ಇಳಿಬಿಟ್ಟರು. "ನನ್ ಮುಂದ ಹೌದ್ರಿ ಅಂದಿ. ಈಗ ನೀರಿನ ಮುಂದ ಹೇಳು ನೋಡೂಣು" ಎಂದು ನಕ್ಕರು. ನಾನು ಅತ್ತೆ. ಅವರು ಪೆನ್ಸಿಲ್ ಕೊಟ್ಟರು. ಮಧ್ಯಾಹ್ನವೆಲ್ಲ ಕೂತು, ನೀರು ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ, ಒಂದೊಂದೇ ಗುರುತು ಹಾಕಿದೆ. ಅವರು ಒಂದಕ್ಕೂ ಕೈ ಹಚ್ಚಲಿಲ್ಲ. ಕೊನೆಗೆ ಅದೇ ಪಾತ್ರೆಯಲ್ಲಿ ಚಹಾ ಆಯಿತು. ಅದಕ್ಕೆ ತುಸು ಹಿತ್ತಾಳೆಯ ರುಚಿ ಇತ್ತು.

"ಯಾಕ ನಿಮ್ಮ ಮ್ಯಾಲ ಹಾಕ್ಕೊಂಡ್ರಿ ಕಾಕಾ?" ಎಂದು ಕೇಳಿದೆ.

"ನಂದು ಮುಗಿಯಾಕ ಬಂದೈತಿ. ನಿಂದು ಈಗ ಚಾಲೂ ಆಗೈತಿ" ಎಂದರು. "ಹೆಣ್ಣಮಗಳ ಕೈಯಾಗ ಮೀಟರ್ ಕೊಟ್ರ ಹಿಂಗ ಆತು ಅಂತ ಒಮ್ಮಿ ಊರ ಮಂದಿ ಅಂದ್ರ, ಮುಂದ ಯಾವ ಹೆಣ್ಣಮಗಳಿಗೂ ಕೊಡೂದಿಲ್ಲ. ಚಹಾ ಕುಡಿ."

ಗಾಡಿ ರಿಪೇರಿಯಾಗಿ, ಹೊಸ ಮುಖ ಹಾಕಿಕೊಂಡು ಊರು ಸೇರಿತು. ಒಂದು ಸಂಜೆ ಬಸುರಿಯೊಬ್ಬಳನ್ನು ಚಿಕ್ಕೋಡಿಗೆ ಕರೆದೊಯ್ಯುವಾಗ ಕುರಿಗಾರರ ಮಗಳ ಪಾಳಿ ಇತ್ತು. ಲೈಸೆನ್ಸ್ ಸಿಕ್ಕು ಇನ್ನೂ ವರ್ಷ ತುಂಬಿರಲಿಲ್ಲ. ದಾರಿಯಲ್ಲಿ ಕಾವಿನ ಮುಳ್ಳು ವಾಲಿದ್ದನ್ನು ಕಂಡು ಅವಳು ಗಾಡಿ ನಿಲ್ಲಿಸಿದಳು. ನೀರಿನ ಪೈಪು ಸಡಿಲವಾಗಿತ್ತು. ಬಟ್ಟೆ ಬಿಗಿದು, ಹೊಲದ ಬಾವಿಯ ನೀರು ಹಾಕಿ, ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿಸಿದಳು. "ಏನ್ ಬರದಿತ್ತೊ ಓದಲಿಲ್ರಿ ಅಕ್ಕಾರ, ಮೂರು ನೆಟ್ಟಗಿದ್ದು, ಒಂದು ವಾಲಿತ್ತು" ಎಂದು ನನಗೆ ಫೋನು ಮಾಡಿ ಹೇಳಿದಳು. ಊರವರು ನನ್ನನ್ನು ಕರೆಸಿ ಶಾಲು ಹೊದಿಸಿದರು.

ಕಾಕಾನನ್ನು ಯಾರೂ ಕರೆಯಲಿಲ್ಲ. ಅವರ ವಿಷಯದಲ್ಲಿ ಊರಲ್ಲಿ ಉಳಿದಿದ್ದು ಒಂದೇ ಮಾತು, "ಆ ಮುದುಕನ ಕೈ ನಡಗತಾವ." ನಮ್ಮ ಕಡೆಯ ಟ್ರ್ಯಾಕ್ಟರಿನವರು ಅವರ ಅಂಗಡಿ ಬಿಟ್ಟು ಬೇರೆ ಕಡೆ ಹೋಗತೊಡಗಿದರು. ನನಗೆ ಅದು ಗೊತ್ತಿತ್ತು. ಶಾಲು ಹೊದ್ದು ಕೂತಾಗಲೂ ಗೊತ್ತಿತ್ತು. ಮುಂದಿನ ಸಲ ಹೇಳಿದರಾಯಿತು ಎಂದು ತಳ್ಳುತ್ತಲೇ ಬಂದೆ. ಕಾಕಾನ ಬಳಿ ಹೋದಾಗಲೆಲ್ಲ ಅವರು ಗಾಡಿ ಹೇಗಿದೆ ಎಂದು ಕೇಳುತ್ತಿದ್ದರು, ಆ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಎರಡು ದಿನದ ಜ್ವರ, ಅಷ್ಟೇ. ನಾನು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅಂಗಡಿಯ ಮೇಜಿನ ಮೇಲೆ ಆ ಮೋಟು ಪೆನ್ಸಿಲ್ಲು ಬಿದ್ದಿತ್ತು. ಅವರ ಮಗಳನ್ನು ಕೇಳಿ ತೆಗೆದುಕೊಂಡು ಬಂದೆ.

ಒಂದು ತಿಂಗಳ ನಂತರ ಕಾವಿನ ಮೀಟರಿನ ಬಲ್ಬು ಹೋಗಿದೆ ಎಂದು ಊರಿಂದ ಕರೆ ಬಂತು. ಹೋಗಿ ಮೀಟರ್ ಬಿಚ್ಚಿದೆ. ಅಂದು ಸಾವ್ಕಾರರ ಪಾಳಿ, ಅವರು ಪಕ್ಕದಲ್ಲೇ ನಿಂತಿದ್ದರು. ಪಾಳಿಯ ಇನ್ನೂ ನಾಲ್ಕು ಜನ ಇದ್ದರು. ಮುಖವನ್ನು ತಿರುಗಿಸಿದರೆ ಬೆನ್ನಿಗೆ ಪೆನ್ಸಿಲ್ಲಿನ ಎರಡು ಸಾಲು. ಸದಾ ಮರಾಠಿಯಲ್ಲಿ ಬರೆಯುವ ಕಾಕಾ ಇದೊಂದನ್ನು ಕನ್ನಡದಲ್ಲಿ ಬರೆದಿದ್ದರು. ಒಂದನೇ ಇಯತ್ತೆಯ ಮಕ್ಕಳ ಹಾಗೆ ದೊಡ್ಡ ದೊಡ್ಡ, ಸೊಟ್ಟ ಅಕ್ಷರ.

"ಏನ್ ಬರದಾರ್ರಿ ಅದರಾಗ?" ಸಾವ್ಕಾರರು ಕನ್ನಡಕ ಹುಡುಕುತ್ತ ಕೇಳಿದರು.

ಕೊನೆಯ ಎರಡು ಪದವಷ್ಟೇ ಓದಿ ಮುಗಿಸಬಹುದಿತ್ತು. ಆ ಆಸೆಯೂ ಒಂದು ಗಳಿಗೆ ಬಂತು. ಆದರೆ ಮುಂದೆ ಬಿಚ್ಚುವವಳು ನಾನೇ ಆಗಿದ್ದೆ, ಅವರು ನನಗೆ ಸುಳ್ಳು ಹೇಳಿರಲಿಲ್ಲ. ಗಟ್ಟಿಯಾಗಿ ಓದಿದೆ:

"ಗುರುತು ತಪ್ಪಿದ್ದು. ಹಾಕಿದಾಕೀನಽ ಮತ್ತ ಕುಂತು ಸರಿ ಮಾಡ್ಯಾಳ. ಇನ್ನ ನಂಬ್ರಿ."

ಸಾವ್ಕಾರರು ನನ್ನ ಕಡೆ ತಿರುಗಿದರು. "ಅಂದ್ರ ಆ ಕಾಕಾಂದು ಏನೂ ತಪ್ಪ ಇರಲಿಲ್ಲ?"

"ಇಲ್ರಿ. ತಪ್ಪು ನಂದು. ಅವತ್ತ ಹೇಳಬೇಕಿತ್ತು, ಹೇಳಲಿಲ್ಲ."

ಸಾವ್ಕಾರರು ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. "ಎಂಥಾ ಮನಷ್ಯಾಗ ನಾವು ಏನೇನರ ಅಂದ್ವಿ" ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ನಾನು ಹೊಸ ಬಲ್ಬು ಹಾಕಿದೆ. ಚೀಲದಿಂದ ಕಾಕಾನ ಮೋಟು ಪೆನ್ಸಿಲ್ ತೆಗೆದು, ಅವರ ಎರಡು ಸಾಲಿನ ಕೆಳಗೆ ಬಲ್ಬು ಬದಲಿಸಿದ್ದನ್ನು ಬರೆದೆ. ಇನ್ನೂ ಒಂದು ಸಾಲಿನ ಜಾಗ ಉಳಿದಿತ್ತು. "ಕಾಕಾನ ಕೈ ನಡುಗಿರಲಿಲ್ಲ" ಎಂದು ಬರೆದು ಮೀಟರ್ ಮುಚ್ಚಿದೆ.