ರಿಂಗ್ ತಿರುಗಿಸಿದ ಕೈ

ಕಾನ್ವೆಂಟಿನಲ್ಲಿ ಓದಿದ ನನಗೆ ಇಂಥ ಸಂಗತಿಗಳಲ್ಲಿ ನಂಬಿಕೆಯಿರಲಿಲ್ಲ. ಯಾರಾದರೂ ಹೇಳತೊಡಗಿದರೆ ಕಾಫಿ ಮಾಡುವ ನೆಪದಲ್ಲಿ ಎದ್ದುಬಿಡುತ್ತಿದ್ದೆ. ಈಗ ನೀವೂ ಹಾಗೆ ಎದ್ದುಹೋದರೆ ನನಗೆ ಬೇಸರವಿಲ್ಲ.

ಕೆ.ಆರ್. ಪೇಟೆಯಲ್ಲಿ ನಮ್ಮವರದು ಫೋಟೊ ಸ್ಟುಡಿಯೊ. ಅವರ ಪ್ರಾಣವೆಲ್ಲ ಒಂದು ಐವತ್ತು ಎಂ.ಎಂ. ಲೆನ್ಸಿನ ಮೇಲೆ. ಅದು ತಾನಾಗಿ ಫೋಕಸ್ ಮಾಡುವುದಿಲ್ಲ, ಸುತ್ತ ಇರುವ ರಿಂಗನ್ನು ಕೈಯಿಂದಲೇ ತಿರುಗಿಸಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕಣ್ಣಿನ ಬದಲು ಕಿವಿಯ ಓಲೆ ಸ್ಪಷ್ಟವಾಗಿ ಬರುತ್ತದೆ. ಮೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆಯಿಂದ ಅವರ ನೋಟದ ನಡುಭಾಗವೇ ಮಂಜಾಯಿತು. "ಊರೋರ್ಗೆ ಗೊತ್ತಾದ್ರೆ ಇನ್ನು ಯಾರು ಕರೀತಾರೆ ಕಣೆ?" ಎಂದರು. ಅಂದಿನಿಂದ ಸಹಾಯಕಿಯ ಹಾಗೆ ಕ್ಯಾಮೆರಾದ ಎಡಕ್ಕೆ ನಿಂತು, ಅದರ ಪರದೆ ನೋಡುತ್ತ ನಾನೇ ರಿಂಗ್ ತಿರುಗಿಸುತ್ತೇನೆ. ಅವರು ಗುಂಡಿ ಒತ್ತುತ್ತಾರೆ. ಲೆನ್ಸಿಗೆ ಗೀರು ಬೀಳದಿರಲೆಂದು ಬಲಗೈ ಬಳೆಗಳನ್ನು ತೆಗೆದು ಪರ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ.

ಒಂದು ದಿನ ಅಕ್ಕಿಹೆಬ್ಬಾಳಿನ ಮನೆಯೊಂದರಲ್ಲಿ ಅಜ್ಜಿಯ ಫೋಟೊ ತೆಗೆಯಬೇಕಿತ್ತು. ಬೆಳಗಿನ ಹತ್ತು ಗಂಟೆ, ಜಗಲಿಯಲ್ಲಿ ಒಳ್ಳೆಯ ಬೆಳಕು. "ಏನ್ರಲಾ, ನನ್ನ ಗೋಡೆಗೆ ನೇತಾಕಕ್ಕೆ ಇಷ್ಟು ಅರ್ಜೆಂಟಾ?" ಎಂದು ಅಜ್ಜಿ ಮೊಮ್ಮಕ್ಕಳನ್ನು ರೇಗಿಸುತ್ತಿತ್ತು. ಕ್ಯಾಮೆರಾ ಸ್ಟ್ಯಾಂಡಿಗೆ ಏರುತ್ತಿದ್ದಂತೆ ಆ ಮನೆಯ ಸೊಸೆ ನನ್ನ ಕೈ ಹಿಡಿದಳು. "ಅರಿಸಿನ ಕುಂಕುಮ ತಗಳ್ದೆ ಓಯ್ತೀಯಾ? ಬಾರವ್ವ ಒಳಕ್ಕೆ, ನೀನೇನು ಲೈಟು ಕಂಬ್ವಾ ಇಲ್ಲೇ ನೆಟ್ಕೊಂಡಿರಕ್ಕೆ!" ಎಲ್ಲರೂ ನಕ್ಕರು. ಬರುವುದಿಲ್ಲ ಎನ್ನಲು ಕಾರಣ ಹೇಳುವಂತಿರಲಿಲ್ಲ.

ಒಳಗೆ ಹೆಂಗಸರು ನನ್ನ ಬರಿಗೈ ನೋಡಿದವರೇ, "ಮುತ್ತೈದೆ ಇಂಗಿರಬಾರ್ದು" ಎಂದು ಸೋಪಿನ ನೀರು ಸವರಿ ಹಸಿರು ಬಳೆ ಏರಿಸತೊಡಗಿದರು. ಹೊರಗೆ ಒಂದರ ಹಿಂದೊಂದು ಶಟರ್ ಸದ್ದು. ಎಲ್ಲ ಮಸುಕಾಗುತ್ತದೆ, ಇಂದಿಗೆ ನಮ್ಮವರ ಕಸುಬು ಮುಗಿಯಿತು ಎಂದುಕೊಂಡೆ. ನಾನು ಹೊರಗೆ ಬರುವಷ್ಟರಲ್ಲಿ ಅವರು ಲೆನ್ಸ್ ಬಿಚ್ಚುತ್ತಿದ್ದರು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಅಷ್ಟೂ ಫೋಟೊಗಳು ಸ್ಪಷ್ಟ. ಅಜ್ಜಿಯ ರೆಪ್ಪೆಗೂದಲು ಎಣಿಸಬಹುದಿತ್ತು. ನಾನು ತಿರುಗಿಸಿದಾಗ ಒಂದು ಸಲವೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಆದರೆ ಅಜ್ಜಿ ಲೆನ್ಸನ್ನು ನೋಡುತ್ತಿರಲಿಲ್ಲ. ಅದರ ಪಕ್ಕ, ನಾನು ನಿಲ್ಲಬೇಕಿದ್ದ ಜಾಗವನ್ನು ನೋಡಿ ನಗುತ್ತಿತ್ತು.

"ಎಂಗ್ ಬಂದವೆ?" ಎಂದು ಇವರು ಕೇಳಿದರು. ಚೆನ್ನಾಗಿವೆ ಎಂದೆ.

"ನೀ ಬಿರ್ರನೆ ಬಂದಿದ್ದು ಒಳ್ಳೇದಾಯ್ತು ಬುಡು. ಕೈ ಯಾಕೆ ಅಂಗೆ ಒದ್ದೆಯಾಗಿತ್ತು? ಬಳೆ ಬೇರೆ ತಾಕಿಸ್ತಿದ್ದೆ."

ಸುಳ್ಳು ಹೇಳಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಆದರೆ ಬಹಳ ದಿನದ ಮೇಲೆ ಅವರ ಮುಖ ಅರಳಿತ್ತು. "ಹೂಂ ರೀ, ಕೈ ತೊಳೆದಿದ್ದೆ" ಎಂದುಬಿಟ್ಟೆ.

ಆ ಮನೆಯವರನ್ನು ಕೇಳೋಣವೆಂದರೆ ಇವರ ಗುಟ್ಟು ಹೊರಬೀಳುತ್ತದೆ. ಇವರಿಗೆ ನಿಜ ಹೇಳೋಣವೆಂದರೆ ಬಾಯಿ ಬರುವುದಿಲ್ಲ. ಪ್ರತಿ ಸಲವೂ, "ಅವತ್ತಿನಂಗೆ ತಿರುಗ್ಸು ಕಣೆ" ಎನ್ನುತ್ತಾರೆ. ಅದೇ ಹಸಿರು ಬಳೆ ಹಾಕಿಕೊಂಡು, ಕೈ ಒದ್ದೆ ಮಾಡಿಕೊಂಡು ಕೂಡ ನೋಡಿದ್ದೇನೆ. ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ. ಅದು ಯಾರ ಕೈಯೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮೊನ್ನೆ ಅವರು, "ಈಗೀಗ ನಿಂಗೆ ಮನ್ಸಿಲ್ಲ ಬುಡು" ಎಂದರು. ನಾನು ಲೆನ್ಸಿಗೆ ಮುಚ್ಚಳ ಹಾಕಿದೆ.