ಭರಣಿಯ ಸೊಂಟಕ್ಕೆ ಬೆಲ್ಟು

ನಮ್ಮತ್ತೆಯ ಮಿಡಿ ಉಪ್ಪಿನಕಾಯಿ ಭರಣಿ ಲಾರಿ ಹತ್ತುವುದಿಲ್ಲ ಎಂದು ತೀರ್ಮಾನವಾದದ್ದು ಮನೆ ಬದಲಾಯಿಸುವ ದಿನ, ಲಾರಿ ಬಾಗಿಲಿಗೆ ಬಂದು ನಿಂತ ಮೇಲೆ. ಎಪ್ಪತ್ತರ ದಶಕದ ಕೊನೆ ಅದು. ಹೊಸಕೆರೆಹಳ್ಳಿ ಕಡೆಯ ಬಾಡಿಗೆ ಮನೆ ಬಿಟ್ಟು ಜಯನಗರಕ್ಕೆ ಹೊರಟಿದ್ದೆವು. ಲಾರಿಯಲ್ಲಿ ನಮ್ಮೆಲ್ಲರ ಚಪ್ಪಲಿಗಳ ಗೋಣಿಚೀಲವಿತ್ತು. ಚರ್ಮ ಸೋಕಿದರೆ ಭರಣಿಗೆ ಮೈಲಿಗೆ. ಮೈಲಿಗೆಯಾದ ಉಪ್ಪಿನಕಾಯಿಯನ್ನು ಅತ್ತೆ ತಾವೂ ತಿನ್ನುವುದಿಲ್ಲ, ನಮಗೂ ತಿನ್ನಲು ಬಿಡುವುದಿಲ್ಲ. ಅಂದರೆ ಇಡೀ ವರ್ಷ ಮೊಸರನ್ನಕ್ಕೆ ಬರೀ ಉಪ್ಪು.

"ಸೈಕಲ್ ಮೇಲೆ ತಗೊಂಡ್ ಬಾ," ಎಂದರು ಮಗನಿಗೆ.

"ಅಮ್ಮ, ಸೈಕಲ್ ಸೀಟೂ ಚರ್ಮದ್ದೇ," ಎಂದರು ನಮ್ಮವರು.

"ಅದಕ್ಕೊಂದು ಪ್ಲಾಸ್ಟಿಕ್ ಕವರ್ ಹಾಕು. ನೀನು ಕೂತ್ಕೋಬೇಡ, ತಳ್ಕೊಂಡ್ ಬಾ."

"ಕಟ್ಟೋದು ಹಳೇ ಟ್ಯೂಬಲ್ಲಿ. ಅದಾಗುತ್ತಾ?"

"ರಬ್ಬರ್ ಮರದ ಹಾಲು ಕಣೋ. ಅದಕ್ಕೇನು ಮೈಲಿಗೆ?"

ಅತ್ತೆಯ ಶಾಸ್ತ್ರದಲ್ಲಿ ಎಲ್ಲದಕ್ಕೂ ಒಂದು ಹಿಂಬಾಗಿಲು ಇರುತ್ತಿತ್ತು. ಬೀಗದಕೈ ಮಾತ್ರ ಅವರ ಸೊಂಟದಲ್ಲಿ.

ದೇವರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಆಟೊದಲ್ಲಿ ಮುಂದೆ ಹೋದರು. ನಮ್ಮವರು ಕ್ಯಾರಿಯರ್ ಮೇಲೆ ಗೋಣಿ ಮಡಿಸಿ ಹಾಸಿ, ಭರಣಿ ಕೂರಿಸಿ, ಉದ್ದುದ್ದ ಸೀಳಿದ ಟ್ಯೂಬಿನ ಎರಡು ಪಟ್ಟಿಗಳನ್ನು ಎಳೆದೆಳೆದು ಬಿಗಿದರು. ಟ್ಯೂಬನ್ನು ಸುಮ್ಮನೆ ಸುತ್ತಿದರೆ ಹಿಡಿಯುವುದಿಲ್ಲ. ತೆಳ್ಳಗಾಗುವ ತನಕ ಎಳೆದು ಸುತ್ತಿ ತುದಿಯನ್ನು ಸುತ್ತಿನ ಕೆಳಗೇ ತುರುಕಿದರೆ, ಅದೇ ಕುಗ್ಗಿ ಕಚ್ಚಿಕೊಳ್ಳುತ್ತದೆ. ಆದರೆ ಭರಣಿಯ ಹೊಟ್ಟೆ ನುಣ್ಣಗೆ. ಬನಶಂಕರಿಯ ಏರು ಹತ್ತುವಾಗ ಒಂದು ಪಟ್ಟಿ ಪಟ್ಟೆಂದು ಕಿತ್ತು ನಮ್ಮವರ ಕಿವಿಗೆ ಬಾರಿಸಿತು. ಇನ್ನೊಂದು ಮೇಲಕ್ಕೆ ಜಾರತೊಡಗಿತು. ಸೈಕಲ್ಲಿನ ಹಿಂದೆಯೇ ನಡೆದು ಬರುತ್ತಿದ್ದ ನಾನು ಭರಣಿಯನ್ನು ತಬ್ಬಿಕೊಂಡು ನಿಂತೆ.

"ಏನಾದ್ರೂ ಮಾಡ್ರೀ!"

ಮಾಡಿದರು. ಸೊಂಟದ ಬೆಲ್ಟು ಬಿಚ್ಚಿದರು.

ಅದು ಹಿಂದಿನ ದೀಪಾವಳಿಗೆ ನಾನು ಫುಟ್‌ಪಾತಿನಲ್ಲಿ ತಂದುಕೊಟ್ಟದ್ದು. ಮಾರುವವನು "ಅಕ್ಕಾ, ಪಕ್ಕಾ ಲೆದರ್" ಎಂದು ಆಣೆ ಹಾಕಿದ್ದ. ಅಂದಿನಿಂದ ಇವರು ಆಫೀಸಿನಲ್ಲಿ ಕಂಡಕಂಡವರಿಗೆ ಅದನ್ನು ಮೂಸಿಸಿದ್ದರು.

"ಚರ್ಮ ಅಲ್ವೇನ್ರೀ?"

"ಬೀದಿ ಮೂಲೇಲಿ ಬಿಚ್ಚಿಬಿಡೋಣ. ನೀನು ಬಾಯಿ ಬಿಡಬೇಡ ಅಷ್ಟೇ."

ಭರಣಿಯ ಸೊಂಟ ಇವರದಕ್ಕಿಂತ ಎರಡು ತೂತು ಸಣ್ಣದು. ನನ್ನ ಬಳೆಯಲ್ಲಿ ತೂಗುತ್ತಿದ್ದ ಪಿನ್ನು ತೆಗೆದು ಹೊಸ ತೂತು ಮಾಡಿದೆ. ಪಿನ್ನು ರವಿಕೆ ಬಟ್ಟೆಯಲ್ಲಿ ಹೋದ ಹಾಗೆ ಸಲೀಸಾಗಿ ಹೋಯಿತು. ಆಗಲೇ ನನಗೆ ಅನುಮಾನ. ಬಾಯಿ ಬಿಡಬೇಡ ಎಂದಿದ್ದರಲ್ಲ, ಬಿಡಲಿಲ್ಲ. ಇವರು ಬಕಲಿನ ಮುಳ್ಳನ್ನು ಆ ತೂತಿಗೆ ಒತ್ತಿ ಕೂರಿಸಿ, ಉಳಿದ ಟ್ಯೂಬನ್ನು ಬೆಲ್ಟಿನ ಒಳಗಿಂದ ತೂರಿಸಿ ಕ್ಯಾರಿಯರಿನ ಕಂಬಿಗೆ ಎಳೆದು ಕಟ್ಟಿದರು. ಭರಣಿ ಅಲ್ಲಾಡಲಿಲ್ಲ. ಅಲ್ಲಾಡಿದ್ದು ಇವರ ಪ್ಯಾಂಟು.

ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಪ್ಯಾಂಟಿಗೆ. ಎದುರು ಬಂದ ಹಾಲಿನವನು ಸೈಕಲ್ ನಿಧಾನಿಸಿ, "ಅಣ್ಣಾ, ಭರಣಿಗೆ ಕಟ್ಟಿದ್ದು ಸಾಕು, ಪ್ಯಾಂಟಿಗೂ ಏನಾದ್ರೂ ಕಟ್ಕೊಳಿ!" ಎಂದ.

ಬೀದಿ ಮೂಲೆಯಲ್ಲಿ ಬಿಚ್ಚಲು ನಿಂತೆವು. ಮುಳ್ಳು ಆ ಪುಟ್ಟ ತೂತಿನಲ್ಲಿ ಸಿಕ್ಕಿಕೊಂಡು ಜಪ್ಪಯ್ಯ ಅಂದರೂ ಬರಲೊಲ್ಲದು. ತಲೆ ಎತ್ತಿದರೆ ಹೊಸ ಮನೆಯ ಗೇಟಿನಲ್ಲಿ ಅತ್ತೆ. ಇನ್ನೇನು ಮಾಡುವುದು, ತಳ್ಳಿಕೊಂಡು ಹೋದೆವು.

"ಏನೋ ಅದು, ಕಪ್ಪಗೆ?"

"ಟ್ಯೂಬು ಅಮ್ಮ."

"ಟ್ಯೂಬಿಗೆ ಬಕಲ್ ಇರುತ್ತೇನೋ?"

ಇವರು ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡರು. ವರ್ಷದ ಉಪ್ಪಿನಕಾಯಿ ಕಣ್ಣೆದುರೇ ಮೋರಿಗೆ ಹೋಗುವುದು ಕಾಣುತ್ತಿತ್ತು. ನಾನು ಬಾಯಿ ಬಿಟ್ಟೆ.

"ಅದು ರೆಕ್ಸಿನ್ ಅತ್ತೆ. ಲೆದರ್ ಅಲ್ಲ."

ಇವರು ನನ್ನನ್ನು ನೋಡಿದ ನೋಟ! ಹೌದು ಅಂದರೆ ಮಾನ ಹೋಗುತ್ತದೆ, ಅಲ್ಲ ಅಂದರೆ ಉಪ್ಪಿನಕಾಯಿ ಹೋಗುತ್ತದೆ. ಗಂಟಲು ಸರಿಮಾಡಿಕೊಂಡು, "ರೆಕ್ಸಿನ್ನೇ ಅಮ್ಮ," ಎಂದರು. ಸುಳ್ಳು ಹೇಳುತ್ತಿದ್ದೇನೆ ಎಂದೇ ಅವರು ನಂಬಿದ್ದರು, ಪಾಪ.

ಅತ್ತೆ ಕನ್ನಡಕ ಏರಿಸಿ, ಕೈ ಹಿಂದೆ ಕಟ್ಟಿಕೊಂಡು, ಮೂಗು ತಾಗುವಷ್ಟು ಬಗ್ಗಿದರು. ಎಳೆದ ಬಿಗಿಗೆ ಬಕಲಿನ ಪಕ್ಕ ಕಪ್ಪು ಬಣ್ಣ ಬಿರುಕು ಬಿಟ್ಟು ಒಳಗಿನ ಬಿಳೀ ನೂಲು ಹಲ್ಲು ಕಿರಿಯುತ್ತಿತ್ತು.

"ಹೌದು ಕಣೋ, ಬರೀ ಬಟ್ಟೆ! ಇದನ್ನೇನೋ ನೀನು ಊರಿಗೆಲ್ಲಾ ಮೂಸಿಸಿದ್ದು?"

ಇವರು ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಸೆರಗು ಸರಿಮಾಡಿಕೊಂಡೆ.

"ಬಿಚ್ಚಬೇಡ," ಎಂದರು ಅತ್ತೆ. "ಗಟ್ಟಿಯಾಗಿ ಹಿಡ್ಕೊಂಡಿದೆ. ಎತ್ತಿ ಇಡೋಕೆ ಅನುಕೂಲ."

ಭರಣಿ ಬೆಲ್ಟಿನ ಸಮೇತ ಅಡುಗೆಮನೆ ಸೇರಿತು. ಸೋಮವಾರ ಇವರು ಶರ್ಟು ಹೊರಗೆ ಬಿಟ್ಟುಕೊಂಡು ಆಫೀಸಿಗೆ ಹೊರಟರು. ಬಾಗಿಲಲ್ಲಿ ನಿಂತು, ಪ್ಯಾಂಟಿಗೆ ಕಟ್ಟಿಕೊಂಡಿದ್ದ ಟ್ಯೂಬಿನ ಪಟ್ಟಿಯನ್ನು ಎಳೆದು ಟಪ್ಪೆಂದು ಬಿಟ್ಟು ತೋರಿಸಿದರು.

"ಅಪ್ಪಟ ರಬ್ಬರು ಕಣೇ. ಇದರಲ್ಲಿ ಮೋಸ ಇಲ್ಲ."